ಎಲ್ಲರ ರಕ್ತವೂ ಒಂದೇ ಆದ ದಿನ

ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ನಾನು ಪ್ರೋಗ್ರಾಮಿಂಗ್ ಕಲಿಯಲು ಹೋದೆ. ಆಗ ನನಗೆ ಮೂವತ್ತಾರು ವರ್ಷ. ದೊಡ್ಡಬಳ್ಳಾಪುರದ ಹೊರಗೆ ನೆಲಮಂಗಲ ರಸ್ತೆಯಲ್ಲಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಿದ್ದೆ. ಬಂದ ಬಸುರಿಯರ ಹೆಸರು, ವಯಸ್ಸು, ಊರು, ದಿನ ತುಂಬುವ ತಾರೀಖು ಎಲ್ಲವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುವುದು, ಹಳೆಯ ಫೈಲು ಹುಡುಕಿ ಒಳಗೆ ಕಳಿಸುವುದು ನನ್ನ ಕೆಲಸ. ನನ್ನ ಪಕ್ಕದಲ್ಲಿ ಇನ್ನೊಬ್ಬ ಹುಡುಗಿ ಕೂರುತ್ತಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಒಂದು ದಿನ ಆಸ್ಪತ್ರೆಯ ಒಡತಿಯಾದ ಡಾಕ್ಟರಮ್ಮ ಫೋನಿನಲ್ಲಿ ಯಾರಿಗೋ, "ಸಾಫ್ಟ್‌ವೇರ್ ಹಾಕಿಸ್ಬಿಟ್ರೆ ಕೌಂಟರ್‌ಗೆ ಒಬ್ರು ಸಾಕು" ಅನ್ನುವುದು ಕೇಳಿಸಿತು. ಆ ಒಬ್ಬರು ಯಾರಾಗಬಹುದು ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ.

ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಮೇಡಂ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಮದುವೆಗೆ ಮೊದಲು ಬೆಂಗಳೂರಿನ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿದ್ದವರು. ಒಳಗಿನ ಕೋಣೆಯಲ್ಲಿದ್ದ ಅತ್ತೆಯ ಜೊತೆ ದಖನಿ ಉರ್ದುವಿನಲ್ಲಿ ಮಾತಾಡಿ, ಬಾಗಿಲ ಪರದೆ ಸರಿಸಿ ಈಚೆ ಬಂದು ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೋಗುತ್ತಿದ್ದೆ. ಅಲ್ಲಿದ್ದ ಉಳಿದವರೆಲ್ಲ ಕಾಲೇಜು ಮಕ್ಕಳು. ಅವರು ನನ್ನನ್ನು ಆಂಟಿ ಅನ್ನುತ್ತಿದ್ದರು.

ಕಂಪ್ಯೂಟರ್ ಪರದೆಯ ಮೇಲೆ ಕೆಂಪಕ್ಷರ ಬಂದಾಗಲೆಲ್ಲ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಿದ್ದೆ. ಯಂತ್ರ ಕೆಟ್ಟುಹೋಯಿತು, ಇನ್ನು ದಂಡ ತೆರಬೇಕು ಅನ್ನಿಸುತ್ತಿತ್ತು. ಮೇಡಂ ಒಮ್ಮೆ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು.

"ಅದು ಬೈತಿಲ್ಲಮ್ಮ. ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಹೇಳ್ತಿದೆ ಅಷ್ಟೆ. ಕೆಂಪಗೆ ಕಾಣೋ ತಪ್ಪು ಒಳ್ಳೇದು. ಕಾಣ್ದೇ ಇರೋ ತಪ್ಪು ಇರುತ್ತಲ್ಲ, ಅದಕ್ಕೆ ಹೆದರ್ಕೋ."

ಡೇಟಾಬೇಸ್ ಎಂದರೆ ನಮ್ಮ ರಿಜಿಸ್ಟರೇ ಎಂದು ಅವರು ಹೇಳಿದ ದಿನ ನನಗೆ ಸ್ವಲ್ಪ ಧೈರ್ಯ ಬಂತು. ಒಂದು ಸಾಲಿಗೆ ಒಬ್ಬಳು ಹೆಂಗಸು. ಹೆಸರಿಗೊಂದು ಮನೆ, ಊರಿಗೊಂದು ಮನೆ, ತಾರೀಖಿಗೊಂದು ಮನೆ. ಆದರೆ ರಿಜಿಸ್ಟರಿಗೆ ಪ್ರಶ್ನೆ ಕೇಳಲಾಗುವುದಿಲ್ಲ, ಇದಕ್ಕೆ ಕೇಳಬಹುದು. ಈ ವಾರ ಯಾರಿಗೆ ದಿನ ತುಂಬುತ್ತದೆ ಎಂದು ಒಂದು ಸಾಲು ಬರೆದರೆ ಹೆಸರುಗಳು ಸರಸರನೆ ಬಂದು ನಿಲ್ಲುತ್ತವೆ. ಬದಲಾಯಿಸುವ ಆಜ್ಞೆಯನ್ನು ಕಲಿಸುವಾಗ ಮಾತ್ರ ಮೇಡಂ ಧ್ವನಿ ಗಟ್ಟಿಯಾಯಿತು. ಆಜ್ಞೆಯ ಕೊನೆಯಲ್ಲಿ ಯಾರಿಗೆ ಎಂಬ ಷರತ್ತು ಬರೆಯಬೇಕು. "ಅದನ್ನ ಬಿಟ್ರೆ ಅದು ನಿನ್ನ ಏನೂ ಕೇಳಲ್ಲ. ಎಲ್ರಿಗೂ ಅಂತ ತಿಳ್ಕೊಂಡು ಮಾಡ್ಬಿಡುತ್ತೆ."

ಒಂದೂವರೆ ವರ್ಷ ಕಲಿತೆ. ಅಷ್ಟರಲ್ಲಿ ಪಕ್ಕದ ಹುಡುಗಿಯೇ ಮದುವೆಯಾಗಿ ಹೊಸಕೋಟೆಗೆ ಹೋದಳು. ನಾನು ಡಾಕ್ಟರಮ್ಮನ ಮುಂದೆ ನಿಂತು, "ಹೊರಗಿಂದ ತರಿಸ್ಬೇಡಿ ಮೇಡಂ, ನಾನೇ ಒಂದು ಮಾಡ್ತೀನಿ" ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀನಾ?" ಅಂದರು. ಕನ್ನಡಕ ತೆಗೆದಿಟ್ಟು, "ಮಾಡು ನೋಡೋಣ" ಅಂದರು.

ನಾಲ್ಕು ತಿಂಗಳಲ್ಲಿ ಆ ಪುಟ್ಟ ಅಪ್ಲಿಕೇಶನ್ ಎದ್ದು ನಿಂತಿತು. ಹೊಸಬರನ್ನು ಸೇರಿಸುವುದಕ್ಕೆ ಒಂದು ಪರದೆ, ಹುಡುಕುವುದಕ್ಕೆ ಒಂದು ಪರದೆ. ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ಎರಡು ಪಟ್ಟಿಗಳು ಪ್ರಿಂಟಾಗಿ ಬರುತ್ತಿದ್ದವು. ಒಂದು, ಅಂದು ಪರೀಕ್ಷೆಗೆ ಬರಬೇಕಾದವರದು. ಇನ್ನೊಂದು, ವಾರ್ಡಿನಲ್ಲಿರುವ ನೆಗೆಟಿವ್ ರಕ್ತದ ತಾಯಂದಿರದು. ಈ ಎರಡನೆಯದನ್ನು ಕೇಳಿದವರು ನಮ್ಮ ಹಿರಿಯ ಸಿಸ್ಟರ್. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ ಅವರದು. ಯಾಕೆಂದು ಅವರೇ ನನಗೆ ಬಿಡಿಸಿ ಹೇಳಿದ್ದರು.

"ತಾಯಿದು ನೆಗೆಟಿವ್ ಇದ್ದು ಮಗೂದು ಪಾಸಿಟಿವ್ ಆದ್ರೆ, ಹೆರಿಗೆ ಆದ ಎಪ್ಪತ್ತೆರಡು ಗಂಟೆ ಒಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡ್ಬೇಕು. ಈ ಮಗೂಗೆ ಏನೂ ಆಗಲ್ಲ. ಕೊಡದಿದ್ರೆ ಮುಂದಿನ್ದು ಹೊಟ್ಟೇಲೇ ಹೋಗ್ಬೋದು. ಆವಾಗ ಯಾಕೆ ಹೋಯ್ತು ಅಂತ್ಲೂ ಯಾರಿಗೂ ಗೊತ್ತಾಗಲ್ಲ."

ಮೊದಮೊದಲು ಸಿಸ್ಟರ್ ನನ್ನ ಪಟ್ಟಿಯನ್ನು ಒಂದು ಕೈಯಲ್ಲಿ, ಹೆರಿಗೆ ರಿಜಿಸ್ಟರನ್ನು ಇನ್ನೊಂದು ಕೈಯಲ್ಲಿ ಹಿಡಿದು ತಾಳೆ ನೋಡುತ್ತಿದ್ದರು. ಪಟ್ಟಿ ಒಮ್ಮೆಯೂ ತಪ್ಪಲಿಲ್ಲ. ಮೂರು ನಾಲ್ಕು ತಿಂಗಳಾದ ಮೇಲೆ ಅವರು ರಿಜಿಸ್ಟರ್ ತೆರೆಯುವುದನ್ನು ಬಿಟ್ಟರು. ಡ್ಯೂಟಿಗೆ ಬರುವ ಚಿಕ್ಕ ನರ್ಸುಗಳಿಗಂತೂ ರಿಜಿಸ್ಟರ್ ಎಲ್ಲಿದೆ ಎಂಬುದೇ ಮರೆತಿತ್ತು. ನನಗೆ ಹೆಮ್ಮೆಯಾಯಿತು. ಹೆದರಬೇಕಾಗಿದ್ದದ್ದು ಆಗ.

ಕಾರ್ತಿಕದ ಒಂದು ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಲ್ಯಾಬಿನವರು ಒಂದು ಚೀಟಿ ತಂದುಕೊಟ್ಟರು. ಒಬ್ಬಳು ಬಸುರಿಯ ರಕ್ತದ ಗುಂಪು ಬಿ ಪಾಸಿಟಿವ್ ಎಂದು ಬರೆದದ್ದು ತಪ್ಪು, ಅದು ಓ ಪಾಸಿಟಿವ್, ತಿದ್ದಬೇಕು. ನನ್ನ ಅಪ್ಲಿಕೇಶನ್ನಿನಲ್ಲಿ ರಕ್ತದ ಗುಂಪು ತಿದ್ದುವ ಪರದೆಯನ್ನು ನಾನಿನ್ನೂ ಬರೆದಿರಲಿಲ್ಲ. ಹಾಗಾಗಿ ನೇರವಾಗಿ ಡೇಟಾಬೇಸಿಗೇ ಆಜ್ಞೆ ಬರೆಯತೊಡಗಿದೆ. ರಕ್ತದ ಗುಂಪನ್ನು ಓ ಪಾಸಿಟಿವ್ ಮಾಡು ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಕೌಂಟರಿನ ಆಚೆ ನಿಂತ ಒಬ್ಬರು, ಸ್ಕ್ಯಾನಿಂಗಿಗೆ ನೀರು ಕುಡಿದು ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರು. ನಾನು ಮುಖ ಎತ್ತಿ ಉತ್ತರ ಹೇಳಿದೆ. ಹೇಳುತ್ತಲೇ ಕೈ ಎಂಟರ್ ಒತ್ತಿತು. ಕೆಂಪಕ್ಷರ ಬರಲಿಲ್ಲ. ಎಷ್ಟು ಸಾಲು ಬದಲಾಯಿತೆಂದು ಪರದೆ ಹೇಳುತ್ತದೆ, ನಾನು ನೋಡಲಿಲ್ಲ. ಪರದೆಯ ಕಿಟಕಿ ಮುಚ್ಚಿ ಮನೆಗೆ ಹೊರಟೆ.

ಭಾನುವಾರ ರಜೆ. ಸೋಮವಾರವೂ ರಜೆ ಹಾಕಿದ್ದೆ, ಕಾರ್ತಿಕ ಸೋಮವಾರವೆಂದು ಅತ್ತೆಯನ್ನು ಶಿವಗಂಗೆಗೆ ಕರೆದುಕೊಂಡು ಹೋಗಬೇಕಿತ್ತು. ಮೆಟ್ಟಿಲು ಹತ್ತಿ, ಕೋತಿಗಳಿಂದ ಬಾಳೆಹಣ್ಣು ಕಾಪಾಡಿಕೊಂಡು, ನಗುನಗುತ್ತ ಇಳಿದು ಬಂದೆವು. ಆ ದಿನದ ಫೋಟೊಗಳನ್ನು ಈಗಲೂ ನೋಡಲಾಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಪ್ರಿಂಟ್ ಮಾಡಿದೆ. ಎರಡನೆಯ ಹಾಳೆ ಖಾಲಿ ಬಂತು. ಅದು ಹೊಸದೇನಲ್ಲ, ವಾರ್ಡಿನಲ್ಲಿ ನೆಗೆಟಿವ್ ತಾಯಂದಿರು ಯಾರೂ ಇಲ್ಲದ ದಿನಗಳೇ ಹೆಚ್ಚು. ಒಂಬತ್ತೂವರೆಗೆ ಐದು ತಿಂಗಳ ಬಸುರಿಯೊಬ್ಬಳು ಗಂಡನೊಂದಿಗೆ ಬಂದಳು. ಆ ಗಂಡ ಪ್ರತಿಸಲವೂ, "ಇವಳದ್ದು ಎಲ್ಲಾದ್ರಲ್ಲೂ ನೆಗೆಟಿವ್ವೇ, ರಕ್ತವೂ ಅದೇ ಅಂತೆ" ಎಂದು ನಗಿಸುತ್ತಿದ್ದ. ಅವಳ ಸಾಲು ತೆರೆದೆ. ಓ ಪಾಸಿಟಿವ್ ಎಂದಿತ್ತು.

ಅವಳ ಹಿಂದೆ ನಿಂತವಳ ಸಾಲು ತೆರೆದೆ. ಓ ಪಾಸಿಟಿವ್. ಹೋದ ವರ್ಷ ಹೆತ್ತು ಹೋದ ಯಾರದೋ ಸಾಲು ತೆರೆದೆ. ಓ ಪಾಸಿಟಿವ್. ಇಡೀ ಪಟ್ಟಿಯನ್ನು ಬಿಚ್ಚಿ ಕೆಳಕ್ಕೆ ಓಡಿಸಿದೆ. ಮೇಲಿನಿಂದ ಕೆಳಗಿನವರೆಗೆ, ಆ ಊರು ಈ ಊರೆನ್ನದೆ, ಎಲ್ಲ ಹೆಂಗಸರ ರಕ್ತವೂ ಒಂದೇ ಆಗಿತ್ತು.

ಆಗ ನಾನು ಮಾಡಬೇಕಿದ್ದದ್ದು ಒಂದೇ: ಎದ್ದು ಹತ್ತು ಹೆಜ್ಜೆ ನಡೆದು ಡಾಕ್ಟರಮ್ಮನ ಬಾಗಿಲು ತಟ್ಟುವುದು. ಮಾಡಲಿಲ್ಲ. ಯಾರಿಗೂ ಗೊತ್ತಾಗುವ ಮೊದಲು ಸರಿಮಾಡಿಬಿಡೋಣ ಎಂದುಕೊಂಡೆ. ಬ್ಯಾಕಪ್ ತೆಗೆದಿಟ್ಟ ಪೆನ್‌ಡ್ರೈವ್ ಹುಡುಕಿದೆ. ಅದರಲ್ಲಿದ್ದದ್ದು ಎರಡು ತಿಂಗಳ ಹಿಂದಿನದು. ಅದನ್ನು ಹಾಕಲು ಹೋದರೆ ಹೊಸ ಹೆಸರುಗಳೆಲ್ಲ ಅಳಿಸುತ್ತವೆ. ಬೇರೆ ದಾರಿ ಹುಡುಕಿದೆ. ನಡುನಡುವೆ ಕೌಂಟರಿಗೆ ಬಂದವರಿಗೆ ಏನೂ ಆಗಿಲ್ಲವೆಂಬಂತೆ ಚೀಟಿ ಬರೆದುಕೊಟ್ಟೆ. ಸಿಸ್ಟರ್ ಹಾದುಹೋಗುತ್ತ, "ಯಾಕೆ ಮುಖ ಹಂಗಿದೆ, ಬೆಟ್ಟ ಹತ್ತಿ ಸುಸ್ತಾ?" ಅಂದರು. ಹೌದು ಅಂದೆ.

ಹೀಗೆ ಒಂದೂಮುಕ್ಕಾಲು ಗಂಟೆ ಹೋಯಿತು. ಇಂದಿಗೂ ನನ್ನನ್ನು ಹೆದರಿಸುವುದು ಎಂಟರ್ ಒತ್ತಿದ ಆ ಕ್ಷಣಕ್ಕಿಂತ ಹೆಚ್ಚಾಗಿ ಈ ಒಂದೂಮುಕ್ಕಾಲು ಗಂಟೆ.

ಕೊನೆಗೆ ದಾರಿ ಕಾಣದೆ ಔಷಧಿ ಕೋಣೆಯ ಹಿಂದೆ ಹೋಗಿ ಕಂಪ್ಯೂಟರ್ ಮೇಡಂಗೆ ಫೋನ್ ಮಾಡಿದೆ. ಹೇಗೆ ಹಿಂದಕ್ಕೆ ತರುವುದು ಎಂದು ಕೇಳಿದೆ. ಅವರು ಡೇಟಾದ ಮಾತೇ ಎತ್ತಲಿಲ್ಲ.

"ಶನಿವಾರದಿಂದ ಇವತ್ತಿಗೆ ಯಾರ್‍ಯಾರು ಮನೆಗೆ ಹೋದ್ರು?"

"ನೋಡಿಲ್ಲ ಮೇಡಂ. ಮೊದ್ಲು ಇದನ್ನ..."

"ಮೊದ್ಲು ಹೋಗಿ ಹೇಳಮ್ಮ. ಫೋನ್ ಇಡು. ಈಗ್ಲೇ ಹೋಗು. ಡೇಟಾ ಎಲ್ಲೂ ಓಡಿಹೋಗಲ್ಲ, ಆಮೇಲೆ ಸರಿ ಮಾಡೋಣ."

ಡಾಕ್ಟರಮ್ಮನ ಕೋಣೆಯಲ್ಲಿ ರೋಗಿಯೊಬ್ಬಳಿದ್ದಳು. ಅವಳು ಹೊರಗೆ ಬರುವವರೆಗೆ ಬಾಗಿಲ ಬಳಿ ನಿಂತಿದ್ದೆ. ನಾನು ಹೇಳಿದ್ದನ್ನು ಡಾಕ್ಟರಮ್ಮ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಬೈಯಲಿಲ್ಲ. ಗಂಟೆ ಒತ್ತಿ ಸಿಸ್ಟರನ್ನು ಕರೆಸಿ, "ಹೆರಿಗೆ ರಿಜಿಸ್ಟರ್ ತನ್ನಿ, ಶನಿವಾರದಿಂದ ಓದಿ" ಅಂದರು.

ಸಿಸ್ಟರ್ ಬೆರಳಿಟ್ಟು ಓದುತ್ತ ಬಂದರು. ಶನಿವಾರದ ಎರಡನೆಯ ಸಾಲಿಗೆ ನಿಂತರು. ಬೆಳಿಗ್ಗೆ ಪಟ್ಟಿ ಬಂದ ಮೇಲೆ ವಾರ್ಡಿಗೆ ಸೇರಿದವಳು, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಗಂಡು ಮಗು. ಚೊಚ್ಚಲು. ತಾಯಿಯದು ಬಿ ನೆಗೆಟಿವ್, ಮಗುವಿನದು ಬಿ ಪಾಸಿಟಿವ್. ಸೋಮವಾರ ಬೆಳಿಗ್ಗೆ ಮನೆಗೆ ಕಳಿಸಲಾಗಿತ್ತು. ಇಂಜೆಕ್ಷನ್ ಕೊಟ್ಟ ಗುರುತು ಇರಬೇಕಾದ ಜಾಗ ಖಾಲಿ. ಡ್ಯೂಟಿಯಲ್ಲಿದ್ದ ನರ್ಸು ತಾನೇ ಗುಂಡಿ ಒತ್ತಿ ಅಂದಿನ ಪಟ್ಟಿ ತೆಗೆದು ನೋಡಿದ್ದಳು, ಪಟ್ಟಿಯಲ್ಲಿ ಯಾರೂ ಇರಲಿಲ್ಲ.

ಗೋಡೆ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಇನ್ನು ಎರಡು ಗಂಟೆ. "ಎಪ್ಪತ್ತೆರಡು ದಾಟಿದ ಮೇಲೂ ಕೊಡ್ಬೋದು," ಎಂದರು ಡಾಕ್ಟರಮ್ಮ. "ಆದ್ರೆ ಎಷ್ಟು ಕೆಲಸ ಮಾಡುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಹೊರಡಿ." ಉಳಿದ ಸಾಲುಗಳನ್ನೂ ಅವರು ನೋಡಿದರು. ಬೇರೆ ನೆಗೆಟಿವ್ ಯಾರೂ ಇರಲಿಲ್ಲ.

ಫೋನ್ ಮಾಡಿದೆ. ನನ್ನ ದಾಖಲೆಯಲ್ಲಿದ್ದದ್ದು ಗಂಡನ ನಂಬರು, ಸ್ವಿಚ್ ಆಫ್ ಎಂದಿತು. ಅವನು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಅಲ್ಲಿ ಗೇಟಿನಲ್ಲೇ ಫೋನ್ ಇಸಿದುಕೊಳ್ಳುತ್ತಾರೆ. ಊರೆಂದು ಬರೆದಿದ್ದದ್ದು ಗಂಡನ ಊರು, ಹತ್ತಿರವೇ. ಸಿಸ್ಟರ್ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಆಕೆಯ ಮಾತು ನನಗೂ ಕೇಳಿಸಿತು.

"ಇಲ್ಲೆಲ್ಲವ್ಳೆ ಸಿಸ್ಟರ್, ಚೊಚ್ಚಲು ಬಾಣಂತನ ಅಲ್ವಾ. ಆಸ್ಪತ್ರೆಯಿಂದ್ಲೇ ತವರಿಗೆ ಹೋದ್ಲು. ಸಾಸಲಿಂದ ಮುಂದಕ್ಕೆ."

ಎಷ್ಟೋ ತಿಂಗಳು ಕೂತು ಎಲ್ಲ ವಿವರಕ್ಕೂ ಒಂದೊಂದು ಮನೆ ಕಟ್ಟಿದ್ದೆ. ಹೆತ್ತವಳು ಎಲ್ಲಿಗೆ ಹೋಗಿ ಮಲಗುತ್ತಾಳೆ ಎಂಬುದಕ್ಕೆ ಮನೆ ಕಟ್ಟಿರಲಿಲ್ಲ. ನಾನೂ ತವರಲ್ಲಿ ಮೂರು ತಿಂಗಳು ಬಾಣಂತನ ಮಾಡಿಸಿಕೊಂಡವಳೇ.

ಹನ್ನೊಂದೂ ಮುಕ್ಕಾಲಿಗೆ ಆಸ್ಪತ್ರೆಯ ವ್ಯಾನು ಹೊರಟಿತು. ಸಿಸ್ಟರ್ ಐಸ್ ಇಟ್ಟ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಬರುವ ಅಗತ್ಯವಿರಲಿಲ್ಲ. ಡಾಕ್ಟರಮ್ಮನೇ, "ನೀನೂ ಹೋಗು" ಅಂದಿದ್ದರು. ಶಿಕ್ಷೆಯೋ, ದಾರಿ ಕೇಳಲು ಒಬ್ಬರಿರಲೆಂದೋ, ಕೇಳುವ ಧೈರ್ಯ ನನಗಿರಲಿಲ್ಲ.

ಅದು ರಾಗಿ ಕೊಯ್ಲಿನ ಕಾಲ. ಸಾಸಲು ದಾಟಿ ಒಳರಸ್ತೆಗೆ ಇಳಿದಾಗ ಟಾರಿನ ಮೇಲೆ ಉದ್ದಕ್ಕೂ ತೆನೆ ಹರಡಿದ್ದರು, ಗಾಡಿಗಳು ಹತ್ತಿ ಒಕ್ಕಣೆಯಾಗಲಿ ಎಂದು. ಡ್ರೈವರ್ ನಿಧಾನ ಮಾಡಿದ. ಚಕ್ರದ ಕೆಳಗೆ ಹುಲ್ಲು ಕರಕರ ಅನ್ನುತ್ತಿತ್ತು. ನಾನು ಮೊಬೈಲಿನಲ್ಲಿ ಗಂಟೆ ನೋಡುವುದು, ಮುಚ್ಚುವುದು, ಮತ್ತೆ ನೋಡುವುದು. ಒಂದು ಕವಲಿನಲ್ಲಿ ತಪ್ಪು ದಾರಿ ಹಿಡಿದೆವು. ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದವರನ್ನು ಕೇಳಿ ಹಿಂದಿರುಗಿದೆವು. ಹತ್ತು ನಿಮಿಷ ಹೋಯಿತು.

"ಸಿಸ್ಟರ್, ತಡ ಆಗ್ಬಿಟ್ರೆ?"

ಅವರು ಕಿಟಕಿಯಾಚೆ ನೋಡುತ್ತಲೇ, "ಆ ರಿಜಿಸ್ಟರ್ ನಾನೂ ತೆಗೆದು ನೋಡ್ಲಿಲ್ಲ ಕಣೇ" ಅಂದರು.

ಮನೆ ಸಿಕ್ಕಾಗ ಹನ್ನೆರಡೂ ಐವತ್ತು. ಬಾಗಿಲಲ್ಲಿ ಬಾಣಂತಿಯ ತಾಯಿ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆಯ ಮುಂದಿನಿಂದ ಎದ್ದು ಬಂದವರಂತೆ. ವ್ಯಾನು ನೋಡಿಯೇ ಅವರು ಮುಖ ಗಂಟಿಕ್ಕಿದರು.

"ಕೈಕಾಲು ತೊಳ್ಕೊಳ್ಳಿ ಮೊದ್ಲು. ಏನ್ ಬಂದ್ರಿ?"

ಸಿಸ್ಟರ್ ಒಂದು ಇಂಜೆಕ್ಷನ್ ಕೊಡುವುದು ಉಳಿದಿದೆ, ಈಗಲೇ ಕೊಡಬೇಕು ಅಂದರು.

"ನಿನ್ನೆ ಎಲ್ಲಾ ಸರೀಗೈತೆ ಅಂತ ನೀವೇ ಕಳ್ಸಿದ್ರಿ. ಇವತ್ತು ಸೂಜಿ ಎತ್ಕೊಂಡು ಮನೆ ಬಾಗ್ಲಿಗೆ ಬಂದಿದೀರಿ. ನನ್ ಮಗಳಿಗೆ ಏನಾಗೈತೆ ಹೇಳಿ. ಮುಚ್ಚಿಡ್ಬೇಡಿ."

"ಏನೂ ಆಗಿಲ್ಲಮ್ಮ. ಆಸ್ಪತ್ರೇಲಿ ಒಂದು ಸಣ್ಣ..."

"ತಪ್ಪು ನಂದಮ್ಮ," ಎಂದುಬಿಟ್ಟೆ. "ಕಂಪ್ಯೂಟರಲ್ಲಿ ನಿಮ್ಮ ಮಗಳ ರಕ್ತದ ಗುಂಪು ನಾನು ತಪ್ಪು ಮಾಡಿದೆ. ಅದಕ್ಕೇ ನಿನ್ನೆ ಕೊಡ್ಲಿಲ್ಲ. ಒಂದೂ ಇಪ್ಪತ್ತರ ಒಳಗೆ ಕೊಡ್ಬೇಕು."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಅನ್ನಿಸಿತು. ಹಾಗಾದರೆ ಆಗಲಿ ಎಂದೂ ಅನ್ನಿಸಿತು.

"ಈಗ ಕೊಟ್ರೆ ಸರಿ ಹೋಯ್ತದಾ?"

"ಟೈಮ್ ಒಳಗೇ ಬಂದಿದೀವಿ," ಅಂದರು ಸಿಸ್ಟರ್.

"ಹಂಗಾದ್ರೆ ಮಾತ್ಯಾಕೆ. ಒಳಗ್ ಬನ್ನಿ."

ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ವಾಸನೆ. ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಮಗು ಪಕ್ಕದಲ್ಲಿ ಬೂದು ಬಣ್ಣದ ಟೋಪಿ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು. ನಾನು ಮೊಬೈಲಿನ ಬೆಳಕು ಹಿಡಿದೆ.

"ಇದ್ಯಾವ ಸೂಜಿ ಅಕ್ಕ?" ಅಂದಳು ಆ ಹುಡುಗಿ. ಮುಂದಿನ ಮಗುವಿಗೆ ಅಂದೆ. ಒಂದೂ ಎರಡಕ್ಕೆ ಇಂಜೆಕ್ಷನ್ ಮುಗಿಯಿತು. ಅವರು ತಾಯಿ ಕಾರ್ಡು ಕೇಳಿ ತೆಗೆದುಕೊಂಡು, ಗಂಟೆ ನಿಮಿಷ ಬರೆದು ಸಹಿ ಹಾಕಿದರು. ಅರ್ಧ ಗಂಟೆ ಕಾದು ಹೊರಟೆವು. ಹೊರಡುವಾಗ ಆ ತಾಯಿ ಮಜ್ಜಿಗೆ ತಂದುಕೊಟ್ಟರು, ಆದರೆ ನನ್ನ ಮುಖ ನೋಡದೆ.

ಅಂದು ಸಂಜೆ ಡಾಕ್ಟರಮ್ಮ ನನ್ನನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದರು. "ನಿಂಗೆ ಗೊತ್ತಾಗಿದ್ದು ಎಷ್ಟು ಗಂಟೆಗೆ?" ಒಂಬತ್ತೂವರೆಗೆ ಅಂದೆ. ಸುಳ್ಳು ಹೇಳಬಹುದಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ತಪ್ಪು ಯಾರಿಗಾದ್ರೂ ಆಗುತ್ತೆ. ಆ ಎರಡು ಗಂಟೆ ಇದೆಯಲ್ಲ, ಅದನ್ನ ನಾನು ಮರೆಯಲ್ಲ" ಅಂದರು. ಮರುದಿನದಿಂದ ಎರಡು ತಿಂಗಳು ನನ್ನ ಅಪ್ಲಿಕೇಶನ್ ಬಂದ್. ಎಲ್ಲ ಕಾಗದದಲ್ಲೇ ನಡೆಯಿತು.

ಆ ಎರಡು ತಿಂಗಳು ಮಧ್ಯಾಹ್ನಗಳಲ್ಲಿ ನಾನೂ ಸಿಸ್ಟರೂ ಹಳೆಯ ಫೈಲುಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದೆವು. ಅವರು ಗುಂಪು ಓದುವುದು, ನಾನು ಟೈಪ್ ಮಾಡಿ ಗಟ್ಟಿಯಾಗಿ ತಿರುಗಿ ಓದುವುದು. ಭಾನುವಾರ ಮೇಡಂ ಮನೆಗೆ ಹೋಗಿ ಮೊದಲಿನಿಂದ ಬರೆದೆ. ಏನನ್ನು ತಿದ್ದಿದರೂ ಹಳೆಯದು ಅಳಿಯದೆ ಪಕ್ಕದಲ್ಲಿ ಉಳಿಯಬೇಕು. ಒಂದಕ್ಕಿಂತ ಹೆಚ್ಚು ಸಾಲು ಒಟ್ಟಿಗೆ ಬದಲಾಗುವುದಾದರೆ ಅಲ್ಲೇ ನಿಲ್ಲಬೇಕು. ದಿನಾ ಸಂಜೆ ಬ್ಯಾಕಪ್. ನೆಗೆಟಿವ್ ಪಟ್ಟಿ ಖಾಲಿಯಾದರೆ ಹಾಳೆಯೂ ಖಾಲಿ ಬರಕೂಡದು, ರಿಜಿಸ್ಟರ್ ನೋಡಿ ಸಹಿ ಮಾಡಿ ಎಂದು ದೊಡ್ಡದಾಗಿ ಬರಬೇಕು. ಬಾಣಂತನ ಯಾವ ಊರಲ್ಲಿ ಎಂಬುದಕ್ಕೊಂದು ಮನೆ, ಅಲ್ಲಿನವರ ಫೋನಿಗೊಂದು ಮನೆ. ಮೇಡಂ ಪ್ರತಿಯೊಂದು ಸಾಲನ್ನೂ ಓದಿ ನೋಡಿದರು.

ಆದರೆ ಹೆದರಿಕೆ ಮಾತ್ರ ಅಷ್ಟಕ್ಕೇ ಹೋಗಲಿಲ್ಲ. ಇಂಜೆಕ್ಷನ್ ಕೆಲಸ ಮಾಡಿತೇ ಇಲ್ಲವೇ ಎಂದು ತಿಳಿಯಲು ಆರು ತಿಂಗಳ ನಂತರ ಅವಳ ರಕ್ತ ಪರೀಕ್ಷೆ ಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಆ ಆರು ತಿಂಗಳು ಕೌಂಟರಿನ ಮುಂದೆ ಯಾರಾದರೂ, ಹೋದ ಸಲದ್ದು ನಿಲ್ಲಲಿಲ್ಲ ಎಂದು ಹೇಳಿದರೆ ಸಾಕು, ನಾನು ಅವರ ಫೈಲು ತೆರೆದು ರಕ್ತದ ಗುಂಪು ನೋಡುತ್ತಿದ್ದೆ. ಇನ್ನೂ ಹುಟ್ಟದ, ಯಾರೂ ಎಣಿಸಿಕೊಂಡಿರದ ಒಂದು ಮಗುವಿಗಾಗಿ ನಾನು ಹೆದರುತ್ತಿದ್ದೆ.

ವೈಶಾಖದಲ್ಲಿ ಅವಳು ಗಂಡನ ಬೈಕಿನ ಹಿಂದೆ ಕೂತು ಬಂದಳು. ಮಗು ದಪ್ಪಗಾಗಿ ಕೆನ್ನೆ ಜೋತುಬಿದ್ದಿತ್ತು. ಅವಳು ನನ್ನನ್ನು ಗುರುತು ಹಿಡಿದು, "ಅವತ್ತು ಟಾರ್ಚ್ ಹಿಡ್ಕೊಂಡಿದ್ದೋರು ನೀವೇ ಅಲ್ವಾ ಅಕ್ಕ" ಅಂದಳು. ಹೌದು ಅಂದೆ. ರಕ್ತ ಕೊಟ್ಟು ಹೋದಳು. ವರದಿ ಮೂರನೆಯ ದಿನ ಬಂತು. ಲಕೋಟೆ ನಾನು ತೆರೆಯಲಿಲ್ಲ, ಸಿಸ್ಟರ್ ಕೈಗೆ ಕೊಟ್ಟೆ. ಅವರು ನಿಂತಲ್ಲೇ ಹರಿದು ಓದಿ, "ಏನೂ ಇಲ್ಲ. ಚೆನ್ನಾಗಿದಾಳೆ" ಎಂದು ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬಿಟ್ಟುಕೊಂಡು ಅತ್ತೆ.

ಈಗಲೂ ಅದೇ ಕೌಂಟರಿನಲ್ಲಿದ್ದೇನೆ. ಸಿಸ್ಟರ್ ಪ್ರತಿದಿನ ಬೆಳಿಗ್ಗೆ ನನ್ನ ಪಟ್ಟಿಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ತಾಳೆ ನೋಡುತ್ತಾರೆ. ಹೊಸದಾಗಿ ಬಂದ ನರ್ಸೊಬ್ಬಳು, ಇವರು ನಿಮ್ಮನ್ನು ನಂಬುವುದಿಲ್ಲವಾ ಎಂದು ನನ್ನನ್ನು ಕೇಳಿದಳು. ನಂಬದಿದ್ದರೇ ನನಗೆ ರಾತ್ರಿ ನಿದ್ದೆ ಬರುತ್ತದೆ ಅಂದೆ.